ಒಂದು ಹಲಗೆ, ಏಳು ಕಣ್ಣು

ಅಬೂಬಕ್ಕರ್ ಬ್ಯಾರಿಗಳ ಕೆಫೆಟೇರಿಯಾಕ್ಕೆ ಆ ಚೀನಾದವರು ಮೊದಲ ಸಲ ಬಂದದ್ದು ಜನವರಿಯ ಒಂದು ಆದಿತ್ಯವಾರ ಬೆಳಿಗ್ಗೆ. ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಚೀನಾದವರೇ ಹೆಚ್ಚಾಗಿರುವ ಕಟ್ಟಡಗಳ ಬುಡದಲ್ಲಿ ಇವರ ಅಂಗಡಿ. ಮುಂದೆ ನಾಲ್ಕು ಮೇಜು, ಹಿಂದೆ ಪರದೆ ಎಳೆದ ಒಂದು ಫ್ಯಾಮಿಲಿ ರೂಮು. ನಾಷ್ಟಾದ ಗಿರಾಕಿಗಳು ಎದ್ದು ಹೋಗಿದ್ದರು, ಮಧ್ಯಾಹ್ನದ ಬಿರಿಯಾನಿಗೆ ಇನ್ನೂ ಹೊತ್ತಿತ್ತು. ಅಬೂಬಕ್ಕರ್ ಚಾಯದ ಪಾತ್ರೆ ತೊಳೆಸುತ್ತಾ ನಿಂತಿದ್ದರು.

ಬಂದವರಲ್ಲಿ ಒಬ್ಬಳ ಗುರುತು ಅವರಿಗಿತ್ತು. ಹೆಸರು ಮಿನ್. ಹತ್ತಿರದ ಡ್ರ್ಯಾಗನ್ ಮಾರ್ಟ್ ಎಂಬ ಚೀನೀ ಮಾರ್ಕೆಟ್ಟಿನಲ್ಲಿ ಲೈಟುಗಳ ಅಂಗಡಿ ಇಟ್ಟವಳು, ನಲವತ್ತೈದರ ಆಸುಪಾಸು. ಗಿರಾಕಿಗಳ ಜೊತೆ ಚೌಕಾಸಿ ಮಾಡಿ ಮಾಡಿ ಕಲಿತ ಹಿಂದಿ ಅವಳದು, ಅದರಲ್ಲಿ ಕಾಲು ಭಾಗ ಅರಬಿ.

"ಕಾಕಾ, ಒಳಗಿನ ರೂಮ್ ಖಾಲಿಯಾ? ಸಂಡೇ ಸಂಡೇ, ಹತ್ತರಿಂದ ಹನ್ನೆರಡು. ನಾವು ಮ್ಯೂಸಿಕ್. ಫ್ಲ್ಯಾಟಲ್ಲಿ ಪಕ್ಕದವರು ಗಲಾಟೆ, ವಾಚ್‌ಮ್ಯಾನ್ ಗಲಾಟೆ. ಚಾಯ ನಿಮ್ಮದೇ ಕುಡಿಯುತ್ತೇವೆ. ಮಾಫಿ ಮುಷ್ಕಿಲ್, ತೊಂದರೆ ಇಲ್ಲ ಅಲ್ಲವಾ?"

ಅಬೂಬಕ್ಕರ್ ಹೆಚ್ಚು ಮಾತಿನವರಲ್ಲ. ಪರದೆ ಸರಿಸಿ ಕೈ ತೋರಿಸಿದರು, ಅಷ್ಟೇ.

ಅವರ ಊರು ಉಳ್ಳಾಲದ ಕಡೆ. ಮೂರನೇ ಕ್ಲಾಸಿಗೆ ಶಾಲೆ ಮುಗಿದಿತ್ತು. ಈ ದೇಶಕ್ಕೆ ಬಂದು ಮೂವತ್ತನಾಲ್ಕು ವರ್ಷ. ಕಾಗದ ಪತ್ರ ಓದುವುದೆಂದರೆ ತಿಣುಕಾಟ, ಆದರೆ ಕಿವಿಗೆ ಬಿದ್ದದ್ದು ಹೊರಗೆ ಹೋಗುತ್ತಿರಲಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ದಫ್ ಎಂಬ ಕೈವಾದ್ಯದ ತಂಡಕ್ಕೆ ಸೇರಿ ಕಲಿತ ಬೈತು ಹಾಡುಗಳು ಒಂದಕ್ಷರ ತಪ್ಪದೆ ಈಗಲೂ ಬಾಯಲ್ಲಿದ್ದವು. ದರ್ಗಾದ ನೇರ್ಚೆ ಹಬ್ಬದ ದಿನ ಹದಿನಾರು ಮಂದಿ ಎದುರುಬದುರು ಕುಳಿತು ದಫ್ ಬಾರಿಸುವಾಗ ನಡುವೆ ಕೂರುತ್ತಿದ್ದವರು ಅವರೇ. ಗಲ್ಫಿಗೆ ಬಂದ ಮೇಲೆ ಅದೆಲ್ಲ ಖಲಾಸ್.

ಒಳಗೆ ಐದು ಜನ ಮೇಜಿನ ಸುತ್ತ ಕುಳಿತರು. ಮಿನ್‌ಳ ಮಡಿಲಲ್ಲಿ ಎರಡೇ ತಂತಿಯ ಒಂದು ಪಿಟೀಲು. ಅದರ ಕಮಾನು ತಂತಿಗಳ ನಡುವೆಯೇ ಸಿಕ್ಕಿಕೊಂಡಿತ್ತು, ಬಿಡಿಸಿ ತೆಗೆಯುವಂತೆಯೇ ಇಲ್ಲ. ಅವಳ ತಂದೆ ತಾಂಗ್ ಮಾಸ್ಟ್ರು, ಎಪ್ಪತ್ತೆಂಟು ವರ್ಷದ ಕಡ್ಡಿಯಂಥ ಮನುಷ್ಯ, ಅಡ್ಡಕೊಳಲು ತೆಗೆದರು. ಊರಲ್ಲಿ ಐವತ್ತು ವರ್ಷ ಚಾಯದ ಅಂಗಡಿಗಳಲ್ಲಿ ಊದಿದವರಂತೆ. ಅವರ ಕಡೆ ಈ ಸಂಗೀತ ಇರುವುದೇ ಚಾಯದ ಅಂಗಡಿಯಲ್ಲಂತೆ. ಉಳಿದ ಮೂವರ ಕೈಯಲ್ಲಿ ಬೇರೆ ಬೇರೆ ತಂತಿವಾದ್ಯ.

ನುಡಿಸಲು ಶುರು ಮಾಡಿದರು. ಹತ್ತು ನಿಮಿಷವಾದ ಮೇಲೆ ಪರೋಟ ಹೊಡೆಯುವ ಜುವಾಕಿಂ ಹಿಟ್ಟಿನ ಕೈಯಲ್ಲೇ ಬಂದು ಪರದೆಯ ಪಕ್ಕ ನಿಂತ. ಮಂಗಳೂರಿನವನು, ಹದಿನೈದು ವರ್ಷದಿಂದ ಇವರ ಜೊತೆಗಿದ್ದವನು. ಅವನು ಇವರನ್ನು ಬ್ಯಾರಿಗಳೇ ಎನ್ನುತ್ತಿದ್ದ, ಇವರು ಅವನನ್ನು ಪೊರ್ಬುಗಳೇ ಎನ್ನುತ್ತಿದ್ದರು.

"ಅಲ್ಲ ಬ್ಯಾರಿಗಳೇ, ಇವರು ಇನ್ನೂ ಶ್ರುತಿ ಮಾಡುದಾ, ಶುರು ಆಯ್ತಾ?"

"ಶುರು ಆಗಿರ್ಬೇಕು ಪೊರ್ಬುಗಳೇ."

"ಐದು ಜನ ಐದು ದಾರಿ ಹಿಡಿದ ಹಾಗೆ ಉಂಟಲ್ಲ ಮಾರಾಯ್ರೆ. ಇಗರ್ಜಿಯಲ್ಲಿ ಹೀಗೆ ಹಾಡಿದ್ರೆ ಪಾದ್ರಿಗಳು ಬೆತ್ತ ಹಿಡೀತಿದ್ರು."

ಅಬೂಬಕ್ಕರರಿಗೂ ಹಾಗೇ ಅನಿಸಿತ್ತು. ಮೂರನೆಯ ಆದಿತ್ಯವಾರ ಚಾಯ ಕೊಡಲು ಒಳಗೆ ಹೋದವರು ಟ್ರೇ ಹಿಡಿದುಕೊಂಡೇ ನಿಂತುಬಿಟ್ಟರು. ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ ಹಾಗಾಯಿತು. ಐವರೂ ನುಡಿಸುತ್ತಿದ್ದದ್ದು ಒಂದೇ ಹಾಡು! ಕೊಳಲು ಸುತ್ತಿ ಬಳಸಿ ಹೋಗುವಲ್ಲಿ ಪಿಟೀಲು ನೆಟ್ಟಗೆ ನಡೆಯುತ್ತಿತ್ತು. ಪಿಟೀಲಿಗೆ ಬಳುಕಬೇಕೆನಿಸಿದ ಕೂಡಲೇ ಕೊಳಲು ತೆಳ್ಳಗಾಗಿ ಬದಿಗೆ ಸರಿಯುತ್ತಿತ್ತು. ಯಾರೂ ಯಾರಿಗೂ ಸನ್ನೆ ಮಾಡುತ್ತಿರಲಿಲ್ಲ. ಒಂದೇ ಮನೆಯಲ್ಲಿ ಐವತ್ತು ವರ್ಷ ಬಾಳಿದ ಅಣ್ಣತಮ್ಮಂದಿರು ಕಿರಿದಾದ ಅಡುಗೆ ಕೋಣೆಯಲ್ಲಿ ಒಬ್ಬರಿಗೊಬ್ಬರು ತಾಗದೆ ಓಡಾಡುವ ಹಾಗೆ. ಆ ದಿನ ಚಾಯ ಆರಿ ಕೆನೆ ಕಟ್ಟಿತು. ಯಾರೂ ಬೈಯಲಿಲ್ಲ.

ಆಮೇಲೆ ಆದಿತ್ಯವಾರ ಹತ್ತರಿಂದ ಹನ್ನೆರಡರವರೆಗೆ ಅಬೂಬಕ್ಕರ್ ಪರದೆಯ ಒಳಗೇ. ಒಂದು ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಎಲ್ಲವೂ ಚೆಂದ, ಆದರೆ ಹಾಡು ನಿಧಾನವಾಗುವ ಒಂದು ಜಾಗ ಬರುತ್ತಿತ್ತು. ಅಲ್ಲಿ ಐವರೂ ತಡವರಿಸುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ತಾಂಗ್ ಮಾಸ್ಟ್ರು ಕೊಳಲು ಕೆಳಗಿಟ್ಟು ಚಾಯ ಕುಡಿಯುತ್ತಿದ್ದರು. ಒಂದು ದಿನವೂ ಹಾಡು ಕೊನೆ ಮುಟ್ಟಿರಲಿಲ್ಲ.

ಎರಡು ತಿಂಗಳು ನೋಡಿದ ಮೇಲೆ ಅಬೂಬಕ್ಕರ್ ಬಾಯಿ ಬಿಟ್ಟರು. "ಮಿನ್, ನಿಮ್ಮಲ್ಲಿ ತಾಳ ಹಿಡಿಯುವವ ಇಲ್ಲ. ಅದಕ್ಕೇ ಆಗ್ತಾ ಇಲ್ಲ."

ಮಿನ್ ಅದನ್ನು ತಂದೆಗೆ ಹೇಳಿದಳು. ತಾಂಗ್ ಮಾಸ್ಟ್ರು ಅಬೂಬಕ್ಕರರನ್ನು ಮೇಲಿನಿಂದ ಕೆಳಗೆ ನೋಡಿ, ಚೀಲದ ತಳದಿಂದ ಬಟ್ಟೆಯಲ್ಲಿ ಸುತ್ತಿದ್ದ ಒಂದು ಗಂಟು ತೆಗೆದು ಮೇಜಿನ ಮೇಲಿಟ್ಟರು. ದಾಸರು ಕೈಯಲ್ಲಿ ಹಿಡಿಯುವ ಚಿಟಿಕೆಯಂಥ ಮರದ ಮೂರು ಹಲಗೆ, ದಾರ ಪೋಣಿಸಿದ್ದು. ಅಂಗೈಯಗಲದ ಒಂದು ಚಪ್ಪಟೆ ಡೋಲು. ಬಿದಿರಿನ ಒಂದೇ ಕಡ್ಡಿ.

"ಇದನ್ನು ಹಿಡಿಯುತ್ತಿದ್ದವನು ಹೋದ ವರ್ಷ ಊರಿಗೆ ಹೋದ. ಬಾಬಾಗೆ ಕೈ ನಡುಗುತ್ತದೆ, ಅವರಿಂದ ಆಗುವುದಿಲ್ಲ," ಎಂದಳು ಮಿನ್. "ಕೊಳಲಾದರೆ ಎರಡು ಕೈಯೂ ಒಂದೇ ಕೋಲಿಗೆ ಅಂಟಿಕೊಂಡಿರುತ್ತದೆ, ಹೇಗೋ ನಡೆಯುತ್ತದೆ. ಬಾಬಾ ಕೇಳುತ್ತಾರೆ: ಬಾಯಲ್ಲಿ ಹೇಳುವುದು ಸುಲಭ, ನೀನು ಹಿಡಿಯುತ್ತೀಯಾ?"

ಅಬೂಬಕ್ಕರ್ ಹಲಗೆ ಕೈಗೆ ತೆಗೆದುಕೊಂಡರು. ಅರವತ್ತಮೂರು ವರ್ಷದ ಕೈಯಿಂದ ಒಮ್ಮೆ ತಟ್ಟಿ ನೋಡಿದರು.

ಮನೆಗೆ ಬಂದು ಹೇಳಿದಾಗ ಹೆಂಡತಿ ಖದೀಜ ಮೀನಿನ ತುಂಡಿಗೆ ಮಸಾಲೆ ಹಚ್ಚುತ್ತಿದ್ದವಳು ತಲೆಯೆತ್ತಿ ನೋಡಿದಳು. "ಈ ಪ್ರಾಯದಲ್ಲಿ ಚೀನಾದ ಪಾಟ್ಟಾ? ಮೊಮ್ಮಕ್ಕಳು ನಗಾಡ್ತಾರೆ."

"ನಾನು ಹಾಡುದಿಲ್ಲ. ತಾಳ ಮಾತ್ರ. ಮರದ ತುಂಡು ಅಷ್ಟೇ."

"ಮರದ ತುಂಡಿಗೆ ಮುಖ ಇಷ್ಟು ಬೆಳಗುದಾ?" ಎಂದಳು ಖದೀಜ.

ಕಲಿಕೆ ಅಂದುಕೊಂಡಷ್ಟು ಸಸಾರವಿರಲಿಲ್ಲ. ತಾಂಗ್ ಮಾಸ್ಟ್ರು ಒಂದು ಹಾಳೆ ಕೊಟ್ಟರು. ಅಕ್ಷರದ ಭಯದಿಂದಲೇ ನೋಡಿದರೆ ಅದರಲ್ಲಿ ಬರೀ ಅಂಕಿಗಳು. ಒಂದೆಂದರೆ ಷಡ್ಜ, ಎರಡೆಂದರೆ ಅದರ ಮೇಲಿನದು, ಹಾಗೆ ಮೇಲಕ್ಕೆ. ಅಂಕಿಯಾದರೆ ಅಬೂಬಕ್ಕರರಿಗೆ ಬರುತ್ತಿತ್ತು. ಬೆರಳಿಟ್ಟು ಓದುತ್ತಾ ಹೋದರು. ಎರಡು ಸಾಲು ಮುಗಿಯಿತು.

"ಇದರಲ್ಲಿ ನಾಲ್ಕು, ಏಳು ಎಲ್ಲಿ? ಕಾಣುದೇ ಇಲ್ಲ."

ಮಿನ್ ತಂದೆಯನ್ನು ಕೇಳಿ ನಕ್ಕಳು. "ಅವೆರಡೂ ರಜೆ ಮೇಲೆ ಊರಿಗೆ ಹೋಗಿವೆಯಂತೆ. ಅಪರೂಪಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುತ್ತವೆ."

ಹಾಡು ತೀರಾ ಚಿಕ್ಕದು, ಎರಡು ಉಸಿರಿನಲ್ಲಿ ಮುಗಿಯುವಂಥದ್ದು. ಅದನ್ನು ಅಬೂಬಕ್ಕರ್ ಅರ್ಧ ಗಂಟೆಯಲ್ಲಿ ಕಲಿತರು. ಹೆಜ್ಜೆ ಹೆಜ್ಜೆಗೂ ಹಲಗೆಯ ಒಂದು ಪೆಟ್ಟು. ಇಷ್ಟೇನಾ ಎಂದುಕೊಂಡರು. ಆಗ ತಾಂಗ್ ಮಾಸ್ಟ್ರು ಅವರ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ ಜುವಾಕಿಂನ ಕಟ್ಟೆಯ ಎದುರು ನಿಲ್ಲಿಸಿದರು. ಜುವಾಕಿಂ ಪರೋಟಕ್ಕೆ ಹಿಟ್ಟಿನ ಉಂಡೆ ತೆಗೆದು ಬೀಸುತ್ತಿದ್ದ. ಲಿಂಬೆಯಷ್ಟಿದ್ದ ಉಂಡೆ ಒಂದು ಬೀಸಿಗೆ ಕರವಸ್ತ್ರದಷ್ಟಾಯಿತು, ಇನ್ನೊಂದಕ್ಕೆ ಕಟ್ಟೆಯಗಲ ಹರಡಿತು. ಆ ಕಡೆಯ ಗೋಡೆ ಅದರೊಳಗಿಂದ ಕಂಡಿತು.

"ಎಂತ ಮಾಸ್ಟ್ರೆ, ಪರೋಟ ಬೇಕಾ?" ಎಂದ ಜುವಾಕಿಂ. ಮಾಸ್ಟ್ರು ಹಿಟ್ಟಿನ ಕಡೆ ಬೆರಳು ಮಾಡಿ, ಆ ಬೆರಳನ್ನು ಕೊಳಲಿನ ಮೇಲಿಟ್ಟು ಅಬೂಬಕ್ಕರರ ಮುಖ ನೋಡಿದರು.

ಒಳಗೆ ಬಂದು ಅದೇ ಹಾಡನ್ನು ಎರಡರಷ್ಟು ಉದ್ದ ಎಳೆದು ಊದಿದರು. ಹೆಜ್ಜೆಯ ನಡುವೆ ಜಾಗವಾಯಿತು, ಆ ಜಾಗದಲ್ಲಿ ಸಣ್ಣ ಸಣ್ಣ ಬಳುಕುಗಳು ಬಂದು ಕೂತವು. ಹೂವು ಹಾಕುವುದು ಎಂದು ಅದನ್ನು ಕರೆಯುತ್ತಾರೆಂದು ಮಿನ್ ಹೇಳಿದಳು. ಇನ್ನೂ ಎರಡರಷ್ಟು ಎಳೆದರು. ಮತ್ತೂ ಎಳೆದರು. ಈಗ ಯಾರ ಕಿವಿಗೂ ಅದು ಆ ಚಿಕ್ಕ ಹಾಡೆಂದು ಗೊತ್ತಾಗುವಂತಿರಲಿಲ್ಲ. ಸಮುದ್ರದ ಮೇಲೆ ದೋಣಿ ಬಿಟ್ಟ ಹಾಗಿತ್ತು.

ಚಿಕ್ಕ ಹಾಡಿನ ಒಂದೊಂದು ಹೆಜ್ಜೆ ಎಲ್ಲಿ ಬೀಳಬೇಕೋ ಅಲ್ಲಿ ಹಲಗೆಯ ಪೆಟ್ಟು. ನಡುವಿನ ಎಣಿಕೆಗಳಿಗೆ ಪೆಟ್ಟಿಲ್ಲ. ಅವುಗಳಿಗೆ ಅವರ ಭಾಷೆಯಲ್ಲಿ ಕಣ್ಣು ಎಂದು ಹೆಸರು. ವೇಗದ ಭಾಗದಲ್ಲಿ ಒಂದು ಹಲಗೆ, ಒಂದು ಕಣ್ಣು. ನಡುವಿನದರಲ್ಲಿ ಒಂದು ಹಲಗೆ, ಮೂರು ಕಣ್ಣು, ಕಡ್ಡಿಯಿಂದ ಡೋಲಿನ ಮೇಲೆ ಮೆಲ್ಲಗೆ ಮುಟ್ಟಿ ತೋರಿಸಬೇಕು. ಅತಿ ನಿಧಾನದಲ್ಲಿ ಒಂದು ಹಲಗೆ, ಏಳು ಕಣ್ಣು. ಅಲ್ಲಿ ಕಡ್ಡಿಯೂ ಮುಟ್ಟಬಾರದು.

"ಕಣ್ಣು ನೋಡಬೇಕು, ಮಾತಾಡಬಾರದು ಅನ್ನುತ್ತಾರೆ ಬಾಬಾ," ಎಂದಳು ಮಿನ್.

ದಫ್ ಬಾರಿಸಿದ ಕೈಗೆ ಸುಮ್ಮನಿರುವುದೆಂದರೆ ಹಿಂಸೆ. ದಫ್ಫಿನಲ್ಲಿ ಬಿಡುವೇ ಇಲ್ಲ, ತುಂಬುವುದೇ ಕೆಲಸ. ಇಲ್ಲಿ ಒಂದು ಪೆಟ್ಟು ಹಾಕಿ ಏಳು ಎಣಿಸುವಷ್ಟರಲ್ಲಿ ಡ್ರ್ಯಾಗನ್ ಮಾರ್ಟಿಗೆ ಹೋಗಿ ಬಂದಷ್ಟು ದೂರ. ನಾಲ್ಕನೇ ಎಣಿಕೆಗೆ ಅವರ ಮಣಿಕಟ್ಟು ತುರಿಸುತ್ತಿತ್ತು. ಆರಕ್ಕೆ ಜಾರಿ ಬೀಳುತ್ತಿತ್ತು. ಮಾಸ್ಟ್ರು ತಮಗೆ ಬರುವ ನಾಲ್ಕು ಅರಬಿ ಮಾತಿನಲ್ಲಿ ಎರಡನ್ನು ಹೇಳುತ್ತಿದ್ದರು: "ಶ್ವಯ್ಯ ಶ್ವಯ್ಯ." ಮೆಲ್ಲಗೆ, ಮೆಲ್ಲಗೆ.

ಅಬೂಬಕ್ಕರ್ ಚಾಯ ಎತ್ತಿ ಹೊಯ್ಯುವಾಗ ಎಣಿಸಿದರು. ತರಕಾರಿ ತರಲು ಅವೀರ್ ಮಾರ್ಕೆಟ್ಟಿಗೆ ಹೋಗುವ ಬಸ್ಸಿನಲ್ಲಿ ಎಣಿಸಿದರು. ಏಪ್ರಿಲ್ ಕಳೆಯಿತು, ಸೆಕೆ ಬಂತು. ಜೂನಿನ ಒಂದು ದಿನ ಗ್ಲಾಸುಗಳನ್ನು ಒರೆಸುತ್ತಿದ್ದಾಗ ತನ್ನಷ್ಟಕ್ಕೆ ಆ ದೊಡ್ಡ ಹಾಡು ತಲೆಯಲ್ಲಿ ಹರಿಯಿತು. ಅದರ ತಳದಲ್ಲಿ, ನೀರಿನಡಿಯ ಕಲ್ಲುಗಳ ಹಾಗೆ, ಎರಡೇ ಉಸಿರಿನ ಆ ಚಿಕ್ಕ ಹಾಡು ತನ್ನ ಪಾಡಿಗೆ ನಡೆಯುತ್ತಿತ್ತು. ಇಷ್ಟು ಹೂವಿನ ಅಡಿಯಲ್ಲಿ ಅದು ಒಂದು ಹೆಜ್ಜೆಯನ್ನೂ ಬಿಟ್ಟಿರಲಿಲ್ಲ. ಗ್ಲಾಸು ಕೈಯಲ್ಲೇ ಉಳಿಯಿತು. ಯಾ ಅಲ್ಲಾಹ್, ಯಾರು ಕಂಡುಹಿಡಿದರು ಇದನ್ನು? ಯಾವ ಕಾಲದಲ್ಲಿ, ಯಾವ ಚಾಯದ ಅಂಗಡಿಯಲ್ಲಿ ಕುಳಿತು? ಜುವಾಕಿಂನನ್ನು ಕರೆದು ಹೇಳಬೇಕೆನಿಸಿತು.

ಸಪ್ಟೆಂಬರಿನಲ್ಲಿ ಮಿನ್ ಒಬ್ಬಳೇ ಬಂದು ಎದುರು ಕುಳಿತಳು. ತಂದೆಯ ನಡುಕ ಹೆಚ್ಚಾಗುತ್ತಿದೆ, ನವೆಂಬರ್ ಕೊನೆಗೆ ಊರಿಗೆ ಹೋಗಿಬಿಡುತ್ತಾರೆ, ಅಲ್ಲಿ ಅಣ್ಣನ ಮನೆಯ ಹತ್ತಿರವೇ ಆಸ್ಪತ್ರೆ ಉಂಟು ಎಂದಳು. ಮತ್ತೆ ಬರುವುದಿಲ್ಲ. ನವೆಂಬರಿನ ಒಂದು ಶನಿವಾರ ಅಬುಧಾಬಿಯ ಖಲೀಫಾ ಸಿಟಿಯ ಶಾಲೆಯೊಂದರಲ್ಲಿ ಬೇರೆ ಬೇರೆ ದೇಶದವರ ಕಾರ್ಯಕ್ರಮ ಇದೆ, ಇವರಿಗೆ ಹನ್ನೆರಡು ನಿಮಿಷ ಕೊಟ್ಟಿದ್ದಾರೆ.

"ಬಾಬಾಗೆ ಒಂದೇ ಆಸೆ, ಕಾಕಾ. ಅತಿ ನಿಧಾನದಿಂದ ಶುರು ಮಾಡಿ ಚಿಕ್ಕ ಹಾಡಿನವರೆಗೆ ಒಮ್ಮೆ ಪೂರ್ತಿ ಊದಬೇಕು. ಈ ದೇಶಕ್ಕೆ ಬಂದ ಆರು ವರ್ಷದಲ್ಲಿ ಒಂದು ಸಲವೂ ಆಗಲಿಲ್ಲ, ಮೊದಲು ಹಲಗೆ ಹಿಡಿದವನಿಗೂ ಅಷ್ಟು ನಿಧಾನ ಬರುತ್ತಿರಲಿಲ್ಲ. ಇನ್ನು ಮುಂದೆ ಕೈ ಆಗಗೊಡುವುದಿಲ್ಲ. ನೀವು ಹಲಗೆ ಹಿಡಿದರೆ ಬರುತ್ತಾರಂತೆ. ಇಲ್ಲದಿದ್ದರೆ ಖಲಾಸ್."

ಅಬೂಬಕ್ಕರ್ ಮೇಜನ್ನು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಬರ್ತೇನೆ ಅಂತ ಹೇಳು," ಎಂದರು.

ಅಭ್ಯಾಸ ಬಿಗಿಯಾಯಿತು. ಅಕ್ಟೋಬರಿನಲ್ಲಿ ನಿಧಾನದ ಭಾಗ ತಡವರಿಸದೆ ದಾಟತೊಡಗಿತು. ಇನ್ನೇನು ಎರಡು ವಾರ ಇದೆ ಎನ್ನುವಾಗ ಅಬೂಬಕ್ಕರ್ ಒಂದು ಎಡವಟ್ಟು ಮಾಡಿದರು.

ಆ ದಿನ ಏಳು ಕಣ್ಣಿನ ಜಾಗದಲ್ಲಿ ತಾಂಗ್ ಮಾಸ್ಟ್ರ ಉಸಿರು ಕಡಿಯಿತು. ಕೊಳಲು ಬಿರಿದು ನಿಂತಿತು. ದಫ್ ತಂಡದಲ್ಲಿ ಅಬೂಬಕ್ಕರ್ ಕಲಿತ ಒಂದು ಮರ್ಯಾದೆ ಉಂಟು. ಬೈತ್ ಹೇಳುವ ಹಿರಿಯರ ಗಂಟಲು ಒಡೆದರೆ ಎಲ್ಲರೂ ಒಮ್ಮೆಗೇ ದಫ್ ಎಬ್ಬಿಸಿಬಿಡಬೇಕು. ಸೇರಿದ ಜನರಿಗೆ ಗೊತ್ತೇ ಆಗಬಾರದು. ಹಿರಿಯರ ಮಾನ ಉಳಿಸುವುದು ಕಿರಿಯರ ಹೊಣೆ. ಐವತ್ತು ವರ್ಷದ ಹಿಂದಿನ ಆ ಕೈ ತಾನಾಗಿ ಎದ್ದಿತು. ಬಿದಿರ ಕಡ್ಡಿ ಡೋಲಿನ ಮೇಲೆ ಮಳೆಯ ಹಾಗೆ ಸುರಿಯಿತು. ಹಲಗೆಯೂ ಜೊತೆಗೂಡಿತು.

ಎಲ್ಲರೂ ನಿಲ್ಲಿಸಿದರು. ತಾಂಗ್ ಮಾಸ್ಟ್ರು ಕೊಳಲನ್ನು ಚೀಲಕ್ಕೆ ಹಾಕಿ, ಟೋಪಿ ಇಟ್ಟುಕೊಂಡು, ಎದ್ದು ಹೋದರು.

"ಯಾಕೆ? ಎಂತ ಆಯ್ತು? ನಾನು ಅವರ ಮಾನ ಉಳಿಸಿದ್ದಲ್ವಾ?" ಎಂದರು ಅಬೂಬಕ್ಕರ್.

ಮಿನ್‌ಳ ಮುಖ ಕೆಂಪಾಗಿತ್ತು. "ನೀವು ಬಾಗಿಲು ಹಾಕಿದಿರಿ, ಕಾಕಾ. ಬಾಬಾ ಒಳಗೆ ಬರುವ ಬಾಗಿಲು."

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರು. ಖದೀಜ ಸಂಗತಿ ಕೇಳಿ, "ಇದೊಳ್ಳೆ ಕಥೆ! ಅಜ್ಜನ ಮಾನ ಕಾಪಾಡಿದ್ದು ತಪ್ಪಾ? ಬಿಡಿ ನೀವು, ಆ ಮರದ ತುಂಡು ವಾಪಸ್ ಕೊಟ್ಟು ಬನ್ನಿ," ಎಂದಳು. ಸ್ವಲ್ಪ ಹೊತ್ತು ಬಿಟ್ಟು ತಾನೇ ಒಂದು ಡಬ್ಬಿಗೆ ಮೀನು ಫ್ರೈ ತುಂಬಿ ಕೈಗೆ ಕೊಟ್ಟಳು. "ಬರಿಗೈಯಲ್ಲಿ ಹೋಗ್ಬೇಡಿ."

ತಾಂಗ್ ಮಾಸ್ಟ್ರು ಮಗಳ ಅಂಗಡಿಯಲ್ಲಿದ್ದರು. ನೂರಾರು ಬಣ್ಣದ ಲೈಟುಗಳು ಹೊತ್ತಿಕೊಂಡಿರುವ ಜಾಗ, ಅದರ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಬಲಗೈ ಮೊಣಕಾಲಿನ ಮೇಲೆ ತನ್ನಷ್ಟಕ್ಕೆ ಅಲುಗುತ್ತಿತ್ತು. ಅಬೂಬಕ್ಕರ್ ಡಬ್ಬಿ ಇಟ್ಟು, ಹಲಗೆಯನ್ನು ಅದರ ಪಕ್ಕ ಇಟ್ಟು, ಕೈ ಕಟ್ಟಿ ನಿಂತರು. ಮಾಸ್ಟ್ರು ಡಬ್ಬಿ ತೆರೆದು ಒಂದು ತುಂಡು ಮೀನು ತಿಂದರು. ಮುಳ್ಳು ತೆಗೆದು ಇನ್ನೊಂದು ತುಂಡು ತಿಂದರು. ಕೈ ಒರೆಸಿಕೊಂಡು ಹಲಗೆಯನ್ನು ಅಬೂಬಕ್ಕರರ ಎಡಗೈಗೆ ಮತ್ತೆ ತೊಡಿಸಿದರು.

ಕೊಳಲೆತ್ತಿ ನಿಧಾನದ ಭಾಗವನ್ನು ಊದಿದರು. ಪೆಟ್ಟು ಬಿದ್ದಿತು. ಮೂರು ಕಣ್ಣು ಊದಿ, ಬೇಕೆಂದೇ ನಿಲ್ಲಿಸಿದರು. ಅಬೂಬಕ್ಕರರ ಕಡ್ಡಿ ಹಿಡಿಯುವ ಕೈ ಏಳುವುದರೊಳಗೆ ತಮ್ಮ ನಡುಗುವ ಕೈಯನ್ನು ಅದರ ಮೇಲಿಟ್ಟರು. ನಾಲ್ಕು, ಐದು, ಆರು, ಏಳು. ಅಂಗಡಿಯಲ್ಲಿ ಏಸಿಯ ಸದ್ದು ಮಾತ್ರ. ಕೈ ತೆಗೆದರು. ಪೆಟ್ಟು ಬಿದ್ದಿತು. ಆ ಪೆಟ್ಟಿನ ಮೇಲೆ ಕೊಳಲು, ಎಂದೂ ನಿಂತೇ ಇರಲಿಲ್ಲವೆಂಬಂತೆ, ಸರಿಯಾದ ಮೆಟ್ಟಿಲಿಗೆ ಕಾಲಿಟ್ಟಿತು.

ಗಿರಾಕಿಗೆ ಬಿಲ್ಲು ಕೊಡುತ್ತಲೇ ಮಿನ್ ಹೇಳಿದಳು. "ಉಸಿರು ನಿಂತರೆ ನಾಚಿಕೆ ಇಲ್ಲ ಕಾಕಾ. ಒಬ್ಬರು ನಿಂತ ಜಾಗ ಇನ್ನೊಬ್ಬರಿಗೆ. ಯಾರೂ ಬರದಿದ್ದರೆ ಹಾಡು ಒಳಗಿಂದ ನಡೆಯುತ್ತದೆ. ಎಲ್ಲಿಗೆ ಬಂತು ಅಂತ ನೀವು ಹೇಳಬೇಕು. ಅಷ್ಟೇ ನಿಮ್ಮ ಕೆಲಸ."

ಅಷ್ಟೇ. ಅಬೂಬಕ್ಕರರಿಗೆ ತಲೆಯ ಮೇಲೆ ಅಕ್ಕಿ ಮೂಟೆ ಇಟ್ಟ ಹಾಗಾಯಿತು.

ಕಾರ್ಯಕ್ರಮದ ಶನಿವಾರ ಮಧ್ಯಾಹ್ನ ಜುವಾಕಿಂ ಅಂಗಡಿಗೆ ಅರ್ಧ ದಿನ ಬೀಗ ಹಾಕಿಸಿ ತಾನೇ ವ್ಯಾನು ಓಡಿಸಿದ. ಖದೀಜ ಹಿಂದಿನ ಸೀಟಿನಲ್ಲಿ ತಸ್ಬೀಹ್ ಮಣಿ ಎಣಿಸುತ್ತಿದ್ದಳು. ಖಲೀಫಾ ಸಿಟಿಯ ಶಾಲೆಯ ಸಭಾಂಗಣ ತುಂಬಿತ್ತು. ನಾಲ್ಕು ಗಂಟೆಗೆ ಇವರ ಸರದಿ. ವೇದಿಕೆಯ ಮೇಲೆ ಒಂದು ಮೇಜು, ಸುತ್ತ ಆರು ಕುರ್ಚಿ. ಬಿಳಿ ಅಂಗಿ, ತಲೆಗೆ ಬಿಳಿ ಟೋಪಿ ಇಟ್ಟ ಅಬೂಬಕ್ಕರ್ ಡೋಲಿನ ಎದುರು ಕುಳಿತಾಗ ಸಭೆಯಲ್ಲಿ ಯಾರೋ ಗುಸುಗುಸು ಮಾಡಿದರು. ತಾಂಗ್ ಮಾಸ್ಟ್ರು ಅವರತ್ತ ನೋಡಿ ರೆಪ್ಪೆ ಇಳಿಸಿದರು.

ಬಿಸ್ಮಿ ಹೇಳಿಕೊಂಡು ಅಬೂಬಕ್ಕರ್ ಮೊದಲ ಪೆಟ್ಟು ಹಾಕಿದರು.

ಕೊಳಲು ಎದ್ದಿತು. ಪಿಟೀಲು ಅದರ ಬದಿಗೆ ಬಂದಿತು. ತಂತಿಗಳು ಒಂದೊಂದಾಗಿ ಕೂಡಿಕೊಂಡವು. ಒಂದು ಹಲಗೆ, ಏಳು ಕಣ್ಣು. ಒಂದು ಹಲಗೆ, ಏಳು ಕಣ್ಣು. ಇಷ್ಟು ತಿಂಗಳಲ್ಲಿ ಒಂದು ದಿನವೂ ಹೀಗೆ ಕೂಡಿ ಬಂದಿರಲಿಲ್ಲ. ಐದು ವಾದ್ಯಗಳಿವೆ ಎನ್ನುವುದೇ ಮರೆತುಹೋಯಿತು. ತಾನು ಪೆಟ್ಟು ಹಾಕುತ್ತಿದ್ದೇನೆಯೋ, ಪೆಟ್ಟು ತಾನಾಗಿ ಬೀಳುತ್ತಿದೆಯೋ ಅಬೂಬಕ್ಕರರಿಗೆ ತಿಳಿಯಲಿಲ್ಲ.

ಒಂಬತ್ತನೇ ಪೆಟ್ಟಿಗೆ ಪಿಟೀಲು, ತಂತಿಗಳು ಎಲ್ಲವೂ ಕೊಳಲಿಗೆ ಜಾಗ ಬಿಟ್ಟು ಹಿಂದೆ ಸರಿದವು. ಅದು ಮಾಸ್ಟ್ರ ಹೂವಿನ ಜಾಗ. ಅವರೊಬ್ಬರೇ ನಡೆಯಬೇಕಾದ ದಾರಿ. ಅಲ್ಲಿಯೇ ಅವರ ಬಲಗೈ ಒಮ್ಮೆ ಜೋರಾಗಿ ಅದುರಿತು. ಕೊಳಲು ತುಟಿಯಿಂದ ಜಾರಿತು.

ಸದ್ದಿಲ್ಲ. ಯಾರೂ ಒಳಗೆ ಬರಲಿಲ್ಲ. ಮಾಸ್ಟ್ರು ತಕ್ಷಣ ಬರುತ್ತಾರೆಂದು ಮಿನ್ ಕಾದಳು, ಮಿನ್ ಬರುತ್ತಾಳೆಂದು ಉಳಿದವರು ಕಾದರು. ಅಷ್ಟು ದೊಡ್ಡ ಸಭಾಂಗಣದಲ್ಲಿ ಹಾಡೆನ್ನುವುದು ಅಬೂಬಕ್ಕರರ ಎಡಗೈಯೊಳಗಲ್ಲದೆ ಬೇರೆಲ್ಲೂ ಇರಲಿಲ್ಲ. ಕಡ್ಡಿ ಹಿಡಿದ ಕೈ ಡೋಲಿನ ಮೇಲೆ ಏಳಲು ನೋಡಿತು. ಅವರು ಅದನ್ನು ತೊಡೆಗೆ ಒತ್ತಿ ಹಿಡಿದರು. ಕಣ್ಣು ಮುಚ್ಚಿದರು.

ಎರಡು. ಮೂರು.

ಆಗ ಕೇಳಿಸಿತು. ಖಾಲಿ ಅಂದುಕೊಂಡಿದ್ದ ಜಾಗ ಖಾಲಿಯಾಗಿರಲಿಲ್ಲ. ಕೊಳಲು ಅಲ್ಲಿ ನಡೆಯುತ್ತಲೇ ಇತ್ತು. ಮೂರನೆಯ ಕಣ್ಣಿನಲ್ಲಿ ಮೇಲಕ್ಕೆ ಹತ್ತಿತು. ಐದರಲ್ಲಿ ಒಂದು ಚಿಕ್ಕ ತಿರುವು ತೆಗೆದುಕೊಂಡು, ಹಕ್ಕಿ ಕೊಂಬೆಯ ಮೇಲೆ ಕೂರುವ ಮುಂಚೆ ರೆಕ್ಕೆ ಒಮ್ಮೆ ಬಿಚ್ಚುವಂತೆ ತಡೆದು, ಆರರಲ್ಲಿ ಕೆಳಗಿಳಿಯಿತು. ಅಬೂಬಕ್ಕರರ ಮೈ ಜುಮ್ಮೆಂದಿತು. ಇಷ್ಟು ಸ್ಪಷ್ಟವಾಗಿ ಅವರು ಜೀವಮಾನದಲ್ಲಿ ಏನನ್ನೂ ಕೇಳಿರಲಿಲ್ಲ. ಅವಸರ ಎನ್ನುವುದೇ ಮೈಯಲ್ಲಿ ಉಳಿಯಲಿಲ್ಲ. ಏಳು.

ಪೆಟ್ಟು ಹಾಕಿದರು.

ಆ ಒಂದು ಪೆಟ್ಟಿನ ಮೇಲೆ ಐವರೂ ಇಳಿದರು. ಕೊಳಲೂ ಇಳಿಯಿತು, ತೆಳ್ಳಗೆ, ಆದರೆ ಸರಿಯಾದ ಜಾಗಕ್ಕೆ. ಆಮೇಲೆ ಹಾಡು ಹಿಂದೆ ನೋಡಲಿಲ್ಲ. ಏಳು ಕಣ್ಣು ಮೂರಾಯಿತು, ಮೂರು ಒಂದಾಯಿತು, ಹೂವುಗಳು ಉದುರುತ್ತಾ ಉದುರುತ್ತಾ ಕೊನೆಗೆ ಎರಡು ಉಸಿರಿನ ಆ ಚಿಕ್ಕ ಹಾಡು ಬರಿಮೈಯಲ್ಲಿ ಹೊರಗೆ ಬಂತು. ತಾಂಗ್ ಮಾಸ್ಟ್ರು ಅದರ ಕೊನೆಯ ಸ್ವರವನ್ನು ಉಸಿರು ಖಾಲಿಯಾಗುವವರೆಗೆ ಊದಿ ಕೊಳಲು ಇಳಿಸಿದರು. ಅಬೂಬಕ್ಕರ್ ಹಲಗೆ ಮೇಜಿನ ಮೇಲಿಟ್ಟರು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಅವರಿಗೆ ಸರಿಯಾಗಿ ನೆನಪಿಲ್ಲ. ವೇದಿಕೆಯ ಹಿಂದೆ ಇಕ್ಕಟ್ಟಾದ ಒಂದು ಓಣಿ. ಮುಂದಿನ ಕುಣಿತಕ್ಕೆ ಕಾಯುತ್ತಿದ್ದ ಮಕ್ಕಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು. ಜುವಾಕಿಂ ನುಗ್ಗಿಕೊಂಡು ಬಂದ.

"ಬ್ಯಾರಿಗಳೇ, ನಡುವಲ್ಲಿ ಎಲ್ಲ ನಿಲ್ಲಿಸಿದ್ರಲ್ಲ, ಅದು ಬೇಕೂಂತಲೇ ಇಟ್ಟದ್ದಾ? ಭಾರೀ ಲಾಯ್ಕ್ ಮಾರಾಯ್ರೆ! ನನ್ನ ಉಸಿರೇ ನಿಂತಿತು."

ಅಬೂಬಕ್ಕರ್ ತಿರುಗಿದರು. ತಾಂಗ್ ಮಾಸ್ಟ್ರು ಎದುರು ಬಂದು ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು. ಮಗಳಿಗೆ ಏನೋ ಹೇಳಿದರು.

"ಬಾಬಾ ಕೇಳುತ್ತಾರೆ: ಆ ಜಾಗದಲ್ಲಿ ನಿಮಗೆ ಏನು ಕೇಳಿಸ್ತು?"

ಹಾಡಿ ತೋರಿಸುವುದೆಂದರೆ ಅಬೂಬಕ್ಕರರಿಗೆ ನಾಚಿಕೆ. ಆದರೂ ಗಂಟಲು ಸರಿಮಾಡಿಕೊಂಡು, ಬೈತ್ ಹೇಳಿ ಒರಟಾದ ಆ ದನಿಯಲ್ಲಿ, ಎರಡನೆಯ ಕಣ್ಣಿನಿಂದ ಏಳನೆಯದರವರೆಗೆ ಗುನುಗಿದರು. ಮೇಲಕ್ಕೆ ಹತ್ತಿದ್ದು. ಐದರಲ್ಲಿ ಆ ತಿರುವು. ತಡೆದದ್ದು. ಇಳಿದದ್ದು.

ತಾಂಗ್ ಮಾಸ್ಟ್ರ ಬಾಯಿ ತೆರೆದುಕೊಂಡಿತು. ಗೋಡೆಗೆ ಕೈ ಊರಿ ನಿಂತರು. ಮಗಳೊಡನೆ ಬಹಳ ಹೊತ್ತು ಮಾತಾಡಿದರು. ಮಿನ್ ಒಮ್ಮೆ ತಂದೆಯ ಮುಖ, ಒಮ್ಮೆ ಅಬೂಬಕ್ಕರರ ಮುಖ ನೋಡಿದಳು.

"ಕೊಳಲು ಜಾರಿದಾಗ ಬಾಬಾ ಮನಸ್ಸಿನಲ್ಲಿ ಊದಿದ್ದು ಅದನ್ನೇ ಅಂತೆ. ಆ ತಿರುವು ಅವರ ಗುರುಗಳದು. ಅವರು ತೀರಿಕೊಂಡ ಮೇಲೆ ಬಾಬಾ ಅದನ್ನು ಯಾರ ಎದುರೂ ಊದಿಲ್ಲ. ನಾನೂ ಕೇಳಿಲ್ಲ ಕಾಕಾ, ನಾನು ಅವರ ಮಗಳು!"

"ಬೆರಳು ಆಡಿಸಿದ್ದನ್ನು ಇವರು ನೋಡಿರ್ಬೇಕು," ಎಂದ ಜುವಾಕಿಂ, ಆದರೆ ಮೆಲ್ಲಗೆ.

"ನಾನು ಕಣ್ಣು ಮುಚ್ಚಿದ್ದೆ ಪೊರ್ಬುಗಳೇ."

ಜುವಾಕಿಂ ಶಿಲುಬೆಯ ಗುರುತು ಹಾಕಿಕೊಂಡ. ಖದೀಜ ಸೆರಗಿನ ತುದಿ ಬಾಯಿಗೆ ಹಿಡಿದು ನಿಂತಿದ್ದಳು. ಮಕ್ಕಳು ಇವರನ್ನು ಒತ್ತಿಕೊಂಡು ವೇದಿಕೆಯ ಕಡೆ ಓಡಿದರು, ಯಾರದೋ ಗೆಜ್ಜೆ ಝಲ್ಲೆಂದಿತು. ತಾಂಗ್ ಮಾಸ್ಟ್ರು ಆ ಗದ್ದಲದಲ್ಲಿಯೇ ಅಬೂಬಕ್ಕರರ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ತಮ್ಮ ಕಿವಿಯನ್ನು ಅವರ ಬಾಯಿಯ ಬಳಿಗೆ ತಂದರು.

"ಮರ್ರಾ ತಾನಿ," ಎಂದರು. ಇನ್ನೊಮ್ಮೆ.

ಅಬೂಬಕ್ಕರ್ ಮತ್ತೆ ಎರಡನೆಯ ಕಣ್ಣಿನಿಂದ ಶುರು ಮಾಡಿದರು.